ಎಡಗಡೆಯ ಕೂಗು

ಕಮಲಾಪುರ
20 ಆಗಸ್ಟ್ 2002

ಚಿರಂಜೀವಿ ಜಹೀರುದ್ದೀನನಿಗೆ ನಿನ್ನ ಡ್ರಿಲ್ ಮಾಸ್ತರ ಖಂಡೆಪ್ಪನ ಆಶೀರ್ವಾದ.

ನಿನ್ನ ಸುದ್ದಿಯನ್ನು ನಿನ್ನ ಬಾಯಿಂದಲೇ ಕೇಳುವ ಭಾಗ್ಯ ನನಗಿಲ್ಲ. ಹೋದ ವಾರ ಚಾಳೀಸಿಗೆ ಹೊಸ ಗಾಜು ಹಾಕಿಸಲು ಕಲಬುರಗಿಗೆ ಬಂದಿದ್ದೆ. ಸೂಪರ್ ಮಾರ್ಕೆಟ್ಟಿನಲ್ಲಿ ನಿನ್ನ ತಾಯಿ ಮಸ್ತಾನಬಿ ಸಿಕ್ಕಿದ್ದರು. "ಜಹೀರ ಕಂಪ್ಯೂಟರ್ ಕಲಿಸೂದು ಬಿಟ್ಟಾನ್ರಿ ಮಾಸ್ತರ್ರ, ಈಗ ವಾಲಿಬಾಲ್ ಟೀಮಿನ್ಯಾಗ ನೌಕರಿ" ಅಂದರು. "ಆಡ್ತಾನೇನ್ರಿ?" ಅಂತ ಕೇಳಿದೆ. "ಇಲ್ರಿ, ಕುಂದರ್ತಾನ" ಅಂದರು. ನಗು ತಡೆಯಲಾಗಲಿಲ್ಲ. ಏಳು ವರ್ಷ ನಿನಗೆ ನೆಟ್ಟಿನ ಕೆಳಗೆ ನಿಲ್ಲುವುದನ್ನು ಕಲಿಸಿದೆ. ಕೊನೆಗೆ ಕೂರುವ ಕೆಲಸ ಹಿಡಿದೆಯಲ್ಲೋ ಮಗನೇ! ಅದೇನು ಕೆಲಸ ಅಂತ ಬಿಡಿಸಿ ಬರೆ.

ಪಂಚಮಿಗೆ ನಿನ್ನ ಜೊತೆಗಾರ ಭೀಮಶಾ ಊರಿಗೆ ಬಂದಿದ್ದ. ಪುಣೆಯ ಕಾರ್ಖಾನೆ ತಂಡದಲ್ಲಿ ಅವನಿಗಿದು ಮೂರನೆಯ ವರ್ಷ. ಪ್ರತಿ ಮಾರ್ಚಿಗೆ ಕರಾರು ಹೊಸದು ಮಾಡುತ್ತಾರಂತೆ. ಸಂಜೆ ಶಾಲೆಯ ಮೈದಾನದಲ್ಲಿ ಹುಡುಗರ ಜೊತೆ ಆಡಿದ. ಎಡಗಡೆಗೆ ಬಂದ ಒಂದು ಚೆಂಡು ಬಿಟ್ಟ. "ಜಹೀರ ಇದ್ರ ಕೂಗ್ತಿದ್ದ" ಅಂದು ನಕ್ಕ.

ಅದಕ್ಕೇ ಕಾರ್ಡು ಬಿಟ್ಟು ಅಂತರ್ದೇಶಿ ಪತ್ರ ತಂದು ಬರೆಯುತ್ತಿದ್ದೇನೆ. ತೊಗರಿ ಕಟ್ಟಿಗೆ ಚುಚ್ಚಿ ಅವನ ಎಡಗಣ್ಣಿಗೆ ಪೆಟ್ಟಾದದ್ದು ಊರಿಗೆಲ್ಲ ಗೊತ್ತು, ವಾಸಿಯಾಯಿತು ಅಂತ ತಿಳಿದಿದ್ದಾರೆ. ಆ ಕಣ್ಣಿಗೆ ಬೆಳಕೇ ಇಲ್ಲ ಅಂತ ಬಲ್ಲವರು ಅವನ ತಾಯಿ ಮಲ್ಕಮ್ಮನನ್ನು ಬಿಟ್ಟರೆ ನಾವು ಮೂವರೇ. ನೀನೋ ಈಗ ಬೇರೆ ತಂಡದವನು. ಹೆಚ್ಚು ಹೇಳುವುದಿಲ್ಲ. ಎಡಕ್ಕೆ ಚೆಂಡು ಬಂದಾಗಲೆಲ್ಲ "ಎಡಾ!" ಅಂತ ಕೂಗಿ ಏಳು ವರ್ಷ ಅವನಿಗೆ ಕಣ್ಣಾಗಿದ್ದವನು ನೀನು.

ತಾಯಿಗೆ ನಮಸ್ಕಾರ ಹೇಳು.

ಇಂತಿ,
ಖಂಡೆಪ್ಪ ಮಾಸ್ತರ


ಕಲಬುರಗಿ
6 ಸೆಪ್ಟೆಂಬರ್ 2002

ಮಾನ್ಯ ಗುರುಗಳಿಗೆ ನಿಮ್ಮ ಜಹೀರನ ಸಲಾಂ.

ಅಮ್ಮೀ ಹೇಳಿದ್ದು ನಿಜ ಸರ್, ಕೂರುವುದೇ ನನ್ನ ಕೆಲಸ. ಮೈದಾನದ ಹಿಂದಿನ ಗೆರೆಯಾಚೆ ನನಗೊಂದು ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್. ಯಾರು ಎಲ್ಲಿಗೆ ಸರ್ವಿಸ್ ಹಾಕಿದರು, ಯಾರು ಎತ್ತಿದರು, ಎಷ್ಟು ಚೆನ್ನಾಗಿ ಎತ್ತಿದರು ಎಲ್ಲದಕ್ಕೂ ಒಂದೊಂದು ಕೀ ಒತ್ತಬೇಕು. ಯಂತ್ರ ಕೂಡಿಸಿ ಕಳೆದು, ಯಾವ ಆಟಗಾರ ಎಲ್ಲಿ ಸೋಲುತ್ತಾನೆ ಅಂತ ತೋರಿಸುತ್ತದೆ. ನನ್ನ ಬಾಯಿಯ ಮುಂದೆ ಮೈಕು, ನಮ್ಮ ಕೋಚ್ ಸಾಹೇಬರ ಕಿವಿಯಲ್ಲಿ ಅದರ ಇನ್ನೊಂದು ತುದಿ, ಅವರ ಮಾತು ನನ್ನ ಕಿವಿಗೂ ಬರುತ್ತದೆ. ಆಟ ನಡೆದಿರುವಾಗಲೇ ನಾನು ಹೇಳುತ್ತೇನೆ, ಅವರು ಬೆರಳಿನ ಸನ್ನೆಯಿಂದ ಆಟಗಾರರಿಗೆ ದಾಟಿಸುತ್ತಾರೆ. ಅವರು ಇಟಲಿಗೆ ಹೋಗಿ ಇದನ್ನು ಕಲಿತು ಬಂದವರು. ನೀವು ನೋಟುಬುಕ್ಕಿನಲ್ಲಿ ಮೈದಾನ ಬರೆದು ಚುಕ್ಕೆ ಇಡುತ್ತಿದ್ದಿರಲ್ಲ, ಅದೇ ಇದು, ಸ್ವಲ್ಪ ಬೇಗ ನಡೆಯುತ್ತದೆ ಅಷ್ಟೆ.

ಸರ್, ನಿಮ್ಮ ಹತ್ತಿರ ಮುಚ್ಚುವುದೇನು. ಐದಡಿ ನಾಲ್ಕು ಇಂಚಿನವನನ್ನು ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಆಯ್ಕೆಗೆ ಹೋದಲ್ಲೆಲ್ಲ ಬಾಗಿಲಲ್ಲೇ ಅಳತೆ ಪಟ್ಟಿ ಹಿಡಿದು ಕಳಿಸಿದರು. ಈಗ ಆರಡಿಯ ಹನ್ನೆರಡು ಜನ ನನ್ನ ಒಂದು ಮಾತಿಗೆ ಕಾಯುತ್ತಾರೆ. ಆದರೆ ಇದೂ ಗಟ್ಟಿ ನೌಕರಿಯಲ್ಲ. ಜನವರಿ ಮುಗಿಯುವುದರೊಳಗೆ ಯಂತ್ರದಿಂದ ಒಂದು ಪಂದ್ಯವಾದರೂ ಗೆಲ್ಲಬೇಕು, ಇಲ್ಲದಿದ್ದರೆ ಯಂತ್ರವೂ ಬೇಡ, ನೀನೂ ಬೇಡ ಅಂತ ಮಾಲೀಕರು ಹೇಳಿದ್ದಾರೆ.

ಭೀಮಶಾನ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಯಂತ್ರ ಕಂಡದ್ದನ್ನಷ್ಟೇ ಹೇಳುತ್ತದೆ. ನಾನು ಒತ್ತದ ಕೀ ಅದಕ್ಕೆ ಗೊತ್ತಾಗುವುದಿಲ್ಲ. ಆ ಮಾತು ನನ್ನ ಬೆರಳಿನಿಂದ ಅದರೊಳಗೆ ಹೋಗುವುದಿಲ್ಲ, ಅಲ್ಲಾನ ಆಣೆ.

ನಿಮ್ಮ ವಿದ್ಯಾರ್ಥಿ,
ಜಹೀರುದ್ದೀನ್


ಕಮಲಾಪುರ
24 ಡಿಸೆಂಬರ್ 2002

ಚಿ. ಜಹೀರನಿಗೆ ಆಶೀರ್ವಾದ.

ಪೇಪರಿನಲ್ಲಿ ನೋಡಿದೆ. ಜನವರಿಯ ಪಂದ್ಯಾವಳಿ ಕಲಬುರಗಿಯಲ್ಲೇ ಅಂತೆ. ನಿನ್ನ ತಂಡವೂ ಬರುತ್ತದೆ, ಭೀಮಶಾನದೂ ಬರುತ್ತದೆ. ಊರಲ್ಲಿ ಈಗ ಬೇರೆ ಮಾತೇ ಇಲ್ಲ. ಎರಡು ಟೆಂಪೋ ಗೊತ್ತು ಮಾಡಿದ್ದೇವೆ. ಮಗ ದೊಡ್ಡ ಮೈದಾನದಲ್ಲಿ ಆಡುವುದನ್ನು ಮಲ್ಕಮ್ಮ ಒಂದು ಸಲವೂ ಕಂಡಿಲ್ಲ. ಹೊಸ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ನಿಮ್ಮಿಬ್ಬರಿಗೂ ಒಂದೊಂದು ಗೊನೆ ಕೆಂಪು ಬಾಳೆ ನನ್ನ ಲೆಕ್ಕದಲ್ಲಿ.

ಇಬ್ಬರೂ ಎದುರುಬದುರಾದರೆ ನಾನು ಯಾರ ಕಡೆ ಅಂತ ನಮ್ಮ ಓಣಿಯ ನಿಂಗಣ್ಣ ಕೇಳಿದ. "ಯಾರು ಗೆದ್ರೂ ನನ್ನ ಹುಡುಗನಽ ಗೆದ್ದಂಗ, ಸುಮ್ನ ಕುಂದರು" ಅಂದೆ.

ಇಂತಿ,
ಖಂಡೆಪ್ಪ ಮಾಸ್ತರ


ಕಮಲಾಪುರ
29 ಜನವರಿ 2003

ಜಹೀರ,

ಪಂದ್ಯ ಮುಗಿದ ಮೇಲೆ ನಿನ್ನನ್ನು ಹುಡುಕಿದೆ. ನಿನ್ನ ಮೇಜು ಖಾಲಿಯಿತ್ತು. ತಂಡ ಬಸ್ಸು ಹತ್ತಿತು ಅಂತ ಯಾರೋ ಹೇಳಿದರು. ಗೆದ್ದವರು ಅಷ್ಟು ಬೇಗ ಯಾಕೆ ಹೊರಟರೋ ನನಗೆ ತಿಳಿಯಲಿಲ್ಲ.

ಐದನೆಯ ಸೆಟ್ಟಿನಲ್ಲಿ ಎಂಟಕ್ಕೆ ಕಡೆ ಬದಲಾಯಿತು. ಭೀಮಶಾನ ತಂಡ ನಿನ್ನ ಮೇಜಿನ ಮುಂದಕ್ಕೆ ಬಂತು. ಹತ್ತು-ಹತ್ತು ಆಯಿತು. ಅಲ್ಲಿಂದ ಮುಂದೆ ಐದು ಸರ್ವಿಸ್, ಐದೂ ಭೀಮಶಾನ ಎಡಭುಜದ ಮೇಲೆ. ಒಂದನ್ನೂ ಎತ್ತಲಾಗಲಿಲ್ಲ ಅವನಿಗೆ. ಅವರ ಕೋಚ್ ಎರಡು ಸಲ ಟೈಮ್ ತೆಗೆದುಕೊಂಡು ಬೈದ. ನಾಲ್ಕನೆಯದಕ್ಕೆ ಭೀಮಶಾ ಮುಗ್ಗರಿಸಿ ಬಿದ್ದ. ಐದನೆಯದಕ್ಕೆ ಮುಖವನ್ನೇ ಬೇರೆ ಕಡೆಗೆ ತಿರುಗಿಸಿಬಿಟ್ಟ. ಜನ "ಕುರುಡಾ, ಕುರುಡಾ" ಅಂತ ಕೂಗಿದರು. ಅವರೇನು ಬಲ್ಲರು, ಹಾಗೆ ಕೂಗುವುದು ಜನರ ರೂಢಿ.

ಮಲ್ಕಮ್ಮ ನನ್ನ ತೋಳು ಹಿಡಿದು, "ಮಾಸ್ತರ್ರ, ಎಡಕ್ಕಽ ಯಾಕ ಹಾಕಾಕತ್ತಾರ್ರಿ? ಅವರಿಗ್ಯಾರು ಹೇಳಿದ್ರು?" ಅಂತ ಕೇಳಿದಳು.

ಹೊಸ ಚಾಳೀಸಿನಲ್ಲಿ ನನಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಮೊದಲ ಸರ್ವಿಸಿಗೆ ಮುಂಚೆ ನಿನ್ನ ತುಟಿ ಅಲುಗಿತು, ಆಮೇಲೆ ನಿಮ್ಮ ಕೋಚಿನ ಬೆರಳು ಅಲುಗಿತು. ಏನು ಹೇಳಿದೆ?

ಖಂಡೆಪ್ಪ


ಕಲಬುರಗಿ
17 ಫೆಬ್ರವರಿ 2003

ಮಾನ್ಯ ಗುರುಗಳಿಗೆ,

ನಿಮ್ಮ ಪತ್ರ ತಲುಪಿತು. ಭೀಮಶಾ ಅಂದು ಸೋತದ್ದಕ್ಕೆ ನನಗೂ ಬೇಸರವಿದೆ. ಆದರೆ ಸರ್, ಅದು ಯಂತ್ರ ತೋರಿಸಿದ ಲೆಕ್ಕ. ನಾಲ್ಕು ಸೆಟ್ ಆಡಿದ ಮೇಲೆ ಅವನು ಯಾವ ಜಾಗದಲ್ಲಿ ದುರ್ಬಲ ಅಂತ ಅದು ತಾನಾಗಿಯೇ ಕಂಡುಕೊಂಡಿತು. ತೆರೆಯ ಮೇಲೆ ಇದ್ದದ್ದನ್ನು ಓದಿ ಹೇಳುವುದು ನನ್ನ ಕೆಲಸ. ನಾನು ಹೇಳದಿದ್ದರೆ ಇನ್ನೊಬ್ಬ ಹೇಳುತ್ತಿದ್ದ. ಈಗಿನ ಆಟವೇ ಹೀಗೆ. ಗುಟ್ಟು ಇಟ್ಟುಕೊಂಡು ಆಡುವ ಕಾಲ ಹೋಯಿತು.

ನನ್ನ ನೌಕರಿ ಎರಡು ವರ್ಷಕ್ಕೆ ಗಟ್ಟಿಯಾಗಿದೆ. ಅಮ್ಮೀ ನಿಮಗೆ ಸಲಾಂ ಹೇಳಿದ್ದಾರೆ.

ಜಹೀರುದ್ದೀನ್


ಕಮಲಾಪುರ
2 ಏಪ್ರಿಲ್ 2003

ಜಹೀರನಿಗೆ,

ಭೀಮಶಾ ಊರಿಗೆ ಬಂದು ಹತ್ತು ದಿನವಾಯಿತು. ಪಂದ್ಯದ ಮರುವಾರವೇ ಕಾರ್ಖಾನೆಯವರು ಅವನ ಕಣ್ಣಿಗೆ ಟಾರ್ಚು ಹಿಡಿಸಿ ನೋಡಿದರಂತೆ. ಮಾರ್ಚಿಗೆ ಕರಾರು ಹೊಸದಾಗಲಿಲ್ಲ. "ಮೂರು ವರ್ಷ ಮೋಸ ಮಾಡಿದಿ" ಅಂತ ಎಲ್ಲರ ಎದುರು ಅಂದರಂತೆ. ಅಷ್ಟು ಮಾತ್ರ ಹೇಳಿದ, ಆಮೇಲೆ ಅನ್ನ ಕಲಸುತ್ತ ಕೂತ. ಮೊನ್ನೆ ಸೋಮವಾರದಿಂದ ನಂದೂರಿನ ದಾಲ್ ಮಿಲ್ಲಿಗೆ ಚೀಲ ಹೊರಲು ಹೋಗುತ್ತಿದ್ದಾನೆ. ಭಾನುವಾರ ಊರಿಗೆ ಬರುತ್ತಾನೆ.

ಯಂತ್ರ ತಾನಾಗಿಯೇ ಕಂಡುಕೊಂಡಿತು ಅಂತ ಬರೆದಿದ್ದೆ. ನಾನು ಹಳೆಯ ಕಾಲದ ಡ್ರಿಲ್ ಮಾಸ್ತರ, ಇರಲಿ ಅಂತ ಸುಮ್ಮನಾಗಬಹುದಿತ್ತು. ಆದರೆ ನನ್ನ ಕೆಟ್ಟ ಚಾಳಿ ನಿನಗೆ ಗೊತ್ತು. ಅಂದೂ ನೋಟುಬುಕ್ಕು ಒಯ್ದಿದ್ದೆ, ಪ್ರತಿ ಸರ್ವಿಸಿಗೆ ಒಂದು ಚುಕ್ಕೆ ಇಟ್ಟಿದ್ದೆ. ನಾಲ್ಕು ಸೆಟ್ ಪೂರ್ತಿ, ಐದನೆಯದರಲ್ಲಿ ಹತ್ತು-ಹತ್ತರವರೆಗೆ, ನಿಮ್ಮ ತಂಡದಿಂದ ಭೀಮಶಾನ ಕಡೆಗೆ ಬಂದ ಚೆಂಡು ಮೂವತ್ತೊಂದು. ಬಲಕ್ಕೆ ಹದಿನೆಂಟು, ಎದೆಗೆ ಹದಿಮೂರು. ಎಡಭುಜಕ್ಕೆ ಒಂದೂ ಇಲ್ಲ. ಅವನು ಎಡಗೆರೆಗೆ ಅಂಟಿಯೇ ನಿಲ್ಲುತ್ತಾನೆ. ಹಾಗೆ ನಿಲ್ಲಲು ನಾನೇ ಕಲಿಸಿದ್ದು. ಹೊರಗೆ ಹೋದೀತೆಂದು ಆ ಸಂದಿಗೆ ಯಾರೂ ಹಾಕುವುದಿಲ್ಲ.

ಯಂತ್ರ ಕಂಡದ್ದನ್ನಷ್ಟೇ ಹೇಳುತ್ತದೆ ಅಂತ ನೀನೇ ಬರೆದ ಪತ್ರ ನನ್ನ ಹತ್ತಿರವಿದೆ. ಒಂದು ಸಲವೂ ಕಾಣದ್ದನ್ನು ಅದು ಹೇಗೆ ಹೇಳಿತು ಜಹೀರ?

ನಿನ್ನನ್ನು ಹಿಡಿದು ಹಾಕಬೇಕೆಂದು ಬರೆಯುತ್ತಿಲ್ಲ. ಸುಳ್ಳು ನಮ್ಮಿಬ್ಬರ ನಡುವೆ ಯಾವತ್ತೂ ಇರಲಿಲ್ಲ. ಅದು ನನಗೆ ತಡೆಯಲಾಗುತ್ತಿಲ್ಲ.

ಖಂಡೆಪ್ಪ


ಕಲಬುರಗಿ
9 ಮೇ 2003

ಸರ್,

ಒಂದು ತಿಂಗಳು ನಿಮ್ಮ ಪತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ನಿಮ್ಮ ಚುಕ್ಕೆಗಳು ಸರಿಯಾಗಿವೆ. ನನ್ನ ಯಂತ್ರದಲ್ಲೂ ಮೂವತ್ತೊಂದೇ ಇದೆ.

ಹತ್ತು-ಹತ್ತಾದಾಗ ತೆರೆಯ ಮೇಲೆ ಏನೂ ಇರಲಿಲ್ಲ. ಎರಡೂ ತಂಡ ಸಮಸಮ. ಏನಾದರೂ ಹೇಳು, ಯಂತ್ರ ಏನನ್ನುತ್ತದೆ ಅಂತ ಕೋಚ್ ಸಾಹೇಬರು ಕಿವಿಯಲ್ಲಿ ಒದರುತ್ತಿದ್ದರು: "ಬೋಲೋ, ಕುಛ್ ತೋ ಬೋಲೋ! ಮಷೀನ್ ಕ್ಯಾ ಬೋಲ್ತಿ?" ಬೆಂಚಿನ ಹಿಂದೆ ಮಾಲೀಕರು ನನ್ನನ್ನೇ ನೋಡುತ್ತಿದ್ದರು. ಜನವರಿ ಮುಗಿಯಲು ಐದು ದಿನ ಉಳಿದಿತ್ತು. ಎದುರಿಗೆ ಭೀಮಶಾನ ಬೆನ್ನು ಕಾಣುತ್ತಿತ್ತು. ಏಳು ವರ್ಷ ನೋಡಿದ ಬೆನ್ನು. ನನಗೆ ಗೊತ್ತಿದ್ದದ್ದು ಆಗ ಒಂದೇ ಒಂದು ಸಂಗತಿ.

"ಮಷೀನ್ ಬೋಲ್ತಿ ಸಾಬ್, ಛೇ ನಂಬರ್ ಕೆ ಬಾಯೇಂ ಕಂಧೇ ಪೇ" ಅಂದೆ. ಆರನೆಯ ನಂಬರಿನವನ ಎಡಭುಜಕ್ಕೆ.

ಮಷೀನ್ ಏನೂ ಹೇಳಿರಲಿಲ್ಲ. ಕೀ ಒತ್ತುವುದಿಲ್ಲ ಅಂತ ಆಣೆ ಮಾಡಿದ್ದೆ, ಕೀ ಒತ್ತಲಿಲ್ಲ. ಅದೇ ಸಮಾಧಾನ ಅಂತ ಆಗ ಅನಿಸಿತ್ತು ನೋಡಿ, ಅಂಥ ಹರಾಮಖೋರ ನಾನು. ಗೆದ್ದ ಮೇಲೆ ಎಲ್ಲರೂ ಲ್ಯಾಪ್‌ಟಾಪಿಗೆ ಹಾರ ಹಾಕಿದರು. ನಾನು ನಿಮ್ಮನ್ನು ದೂರದಿಂದ ಕಂಡೆ, ಮಲ್ಕಮ್ಮ ಚಿಗವ್ವನನ್ನೂ ಕಂಡೆ. ಬಸ್ಸು ಹತ್ತಿ ಪರದೆ ಎಳೆದುಕೊಂಡೆ.

ಅಮ್ಮೀಗೆ ಹೇಳಿದ್ದೇನೆ. ಅವರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ.

ಜಹೀರ


ಕಮಲಾಪುರ
28 ಮೇ 2003

ಚಿ. ಜಹೀರನಿಗೆ ಆಶೀರ್ವಾದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಪತ್ರ ಓದಿ ಸಿಟ್ಟು ಬಂತು. ಅದನ್ನು ಹರಿದು ಒಲೆಗೆ ಹಾಕಬೇಕೆಂದೆ. ಆಮೇಲೆ ಹಾಕಲಿಲ್ಲ, ಏಕೆಂದರೆ ನಾನೂ ಒಂದು ಹೇಳುವುದಿದೆ. ಹತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಭೀಮಶಾನ ಕಣ್ಣಿಗೆ ಕಟ್ಟಿಗೆ ಚುಚ್ಚಿದಾಗ ಕಲಬುರಗಿಯ ಡಾಕ್ಟರರಿಗೆ ತೋರಿಸಿದವನು ನಾನು. "ಹದಿನೈದು ದಿನದಾಗ ಸೊಲ್ಲಾಪುರಕ್ಕ ಒಯ್ದು ಆಪರೇಶನ್ ಮಾಡಸ್ರಿ, ಉಳದ್ರ ಉಳದೀತು" ಅಂದಿದ್ದರು. ಎಂಟು ದಿನಕ್ಕೆ ಜಿಲ್ಲಾ ಪಂದ್ಯವಿತ್ತು. ಅವನಿಲ್ಲದೆ ನಮ್ಮ ಶಾಲೆ ಗೆಲ್ಲುತ್ತಿರಲಿಲ್ಲ. ಪಟ್ಟಿ ಕಟ್ಟಿ ಆಡಿಸಿದೆ. ಗೆದ್ದೆವು, ಕಪ್ಪು ತಂದೆವು, ಮೆರವಣಿಗೆ ಆಯಿತು. ಸೊಲ್ಲಾಪುರಕ್ಕೆ ಹೋದಾಗ ತಿಂಗಳು ದಾಟಿತ್ತು. ಅಲ್ಲಿಯವರು "ಈಗ್ಯಾಕ ತಂದ್ರಿ?" ಅಂತ ಕೇಳಿದರು. ಮಲ್ಕಮ್ಮನಿಗೆ "ಮೊದಲಽ ತಂದಿದ್ರೂ ಆಗ್ತಿರ್ಲಿಲ್ಲಂತ" ಅಂತ ಸುಳ್ಳು ಹೇಳಿದೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಕಪ್ಪು ಇನ್ನೂ ಶಾಲೆಯ ಕಪಾಟಿನಲ್ಲಿದೆ. ಆಮೇಲೆ ಕಾರ್ಖಾನೆಯ ಕಣ್ಣಿನ ಪರೀಕ್ಷೆಗೆ ಬೋರ್ಡಿನ ಅಕ್ಷರಗಳನ್ನು ಅವನಿಗೆ ಬಾಯಿಪಾಠ ಮಾಡಿಸಿ ಕಳಿಸಿದವನೂ ನಾನೇ. ನೀನು ಒಂದು ಪಂದ್ಯಕ್ಕೆ ಅವನ ಕಣ್ಣು ಕೊಟ್ಟೆ. ನಾನು ಮೊದಲೇ ಕೊಟ್ಟಿದ್ದೆ. ಈ ಭಾನುವಾರ ಮಲ್ಕಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಬಾಗಿಲು ಹಾಕಿಕೊಂಡಳು.

ಭೀಮಶಾನಿಗೆ ನಿನ್ನ ವಿಷಯ ನಾನು ಹೇಳಿಲ್ಲ. ಅವನು ಬರೆದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಮುಂದಿನದು ನಿನಗೆ ಬಿಟ್ಟದ್ದು.

ಖಂಡೆಪ್ಪ ಮಾಸ್ತರ


(ಜೊತೆಗಿಟ್ಟ ಪತ್ರ)

ನಂದೂರ
18 ಮೇ 2003

ಖಂಡೆಪ್ಪ ಸರ್ ಅವರಿಗೆ ಭೀಮಶಾನ ಶರಣು.

ಬರುವ ಭಾನುವಾರ ಊರಿಗೆ ಬರುವುದಾಗುವುದಿಲ್ಲ, ಮಿಲ್ಲಿನಲ್ಲಿ ಲಾರಿ ಬರುವುದಿದೆ. ಅವ್ವನಿಗೆ ಹೇಳಿರಿ. ಇಲ್ಲಿ ಕೆಲಸ ತೊಂದರೆಯಿಲ್ಲ. ಚೀಲಕ್ಕೆ ಎಡ ಬಲ ಇಲ್ಲ.

ಸರ್, ಜಹೀರನ ಹೆಸರು ತೆಗೆದರೆ ನೀವು ಎದ್ದು ಹೋಗುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡಿರಿ. ಕಂಪ್ಯೂಟರ್ ನನ್ನ ಕಣ್ಣು ಹಿಡಿಯಿತು, ಅದಕ್ಕೆ ಅವನೇನು ಮಾಡಬೇಕು. ಅವತ್ತು ಒಂದು ಸಂಗತಿ ನಡೆಯಿತು, ಯಾರಿಗೂ ಹೇಳಿಲ್ಲ. ಐದನೆಯ ಚೆಂಡು ಬರುವಾಗ ನನ್ನ ಹಿಂದಿನಿಂದ ಜಹೀರ "ಎಡಾ!" ಅಂತ ಕೂಗಿದ. ಅವರ ತಂಡದಲ್ಲಿ ಕೂತು ನನಗೆ ಕೂಗಿದ ಸರ್! ಅವರ ಕೋಚಿಗೆ ಕೇಳಿಸಿದ್ದರೆ ನೌಕರಿ ಹೋಗುತ್ತಿತ್ತು. ಮೂರು ವರ್ಷವಾಗಿತ್ತು ಆ ಕೂಗು ಕೇಳಿ. ನಾನು ಚೆಂಡು ಬಿಟ್ಟು ಅವನ ಕಡೆ ತಿರುಗಿಬಿಟ್ಟೆ. ತಪ್ಪು ನನ್ನದೇ. ಕೂಗಿದರೆ ಚೆಂಡು ನೋಡಬೇಕು, ಕೂಗಿದವನನ್ನಲ್ಲ ಅಂತ ನೀವು ಎಷ್ಟು ಸಲ ಹೇಳಿದ್ದಿರಿ.

ನನ್ನ ಸಲುವಾಗಿ ಅವನು ಅಷ್ಟು ಮಾಡಿದ್ದು ನೆನೆದರೆ ಚೀಲ ಹಗುರಾಗುತ್ತದೆ. ಅವನು ಸಿಕ್ಕರೆ ಹೇಳಿರಿ.

ನಿಮ್ಮ
ಭೀಮಶಾ


ಕಲಬುರಗಿ
15 ಜೂನ್ 2003

ಸರ್,

ಕೂಗಿದ್ದು ನಿಜ. ಹೇಗೆ ಕೂಗಿದೆನೋ ನನಗೇ ಗೊತ್ತಿಲ್ಲ. ಚೆಂಡು ಆ ಭುಜದ ಕಡೆ ಬರುವುದು ಕಂಡಿತು, ಬಾಯಿ ತಾನಾಗಿಯೇ ತೆರೆಯಿತು. ಮೈಕಿನಲ್ಲಿ ಕೋಚ್ ಸಾಹೇಬರಿಗೂ ಕೇಳಿಸಿರಬೇಕು, ಅವರಿಗೆ ಕನ್ನಡ ಬಾರದು. ಅವನನ್ನು ಉಳಿಸಬೇಕೆಂದು ಕೂಗಿದೆ ಅಂತ ಹೇಳಲು ನನಗೆ ಆಸೆಯಿದೆ. ಆದರೆ ಅದು ಬರೀ ರೂಢಿಯೇ ಇರಬೇಕು. ಅವನು ತಿರುಗಿದಾಗ ನನ್ನ ಮುಖ ನೋಡಿದ, ಸ್ವಲ್ಪ ನಕ್ಕ. ಅಷ್ಟರಲ್ಲಿ ಚೆಂಡು ಬಿದ್ದಿತ್ತು.

ನಿನ್ನೆ ಅವನಿಗೆ ಎಲ್ಲ ಬರೆದು ನಂದೂರಿಗೆ ಹಾಕಿದೆ. ನನ್ನ ಮನೆಯಿಂದ ಆ ಮಿಲ್ಲಿಗೆ ಆಟೋದಲ್ಲಿ ಅರ್ಧ ಗಂಟೆ. ಎರಡು ಸಲ ಗೇಟಿನವರೆಗೆ ಹೋಗಿ ಬಂದೆ, ಒಳಗೆ ಹೋಗಲು ಕಾಲು ಬರಲಿಲ್ಲ. ಕೊನೆಗೆ ಅಂಚೆಗೇ ಹಾಕಿದೆ. ನೌಕರಿ ಬಿಟ್ಟಿದ್ದೇನೆ. ಅದರಿಂದ ಅವನಿಗೇನೂ ಲಾಭವಿಲ್ಲ ಅಂತ ಗೊತ್ತು.

ನಾನು ಬರಲೇ ಸರ್?

ಜಹೀರ


ಕಮಲಾಪುರ
21 ಜುಲೈ 2003

ಚಿ. ಜಹೀರನಿಗೆ ಆಶೀರ್ವಾದ.

ತಡವಾಗಿ ಬರೆಯುತ್ತಿದ್ದೇನೆ. ಏನು ಬರೆಯಬೇಕೆಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ನೀನು ಅವನಿಗೆ ಬರೆದ ಪತ್ರವನ್ನು ಭೀಮಶಾ ಮುಂದಿನ ಭಾನುವಾರವೇ ನನ್ನ ಮನೆಗೆ ತಂದ. ಕಟ್ಟೆಯ ಮೇಲೆ ಕೂತು, "ಸರ್, ಇದು ಖರೇ ಏನ್ರಿ?" ಅಂದ. "ಖರೇ ಅದ" ಅಂದೆ. ಸೊಲ್ಲಾಪುರದ್ದನ್ನೂ ನಾನೇ ಹೇಳಿದೆ. ಆಮೇಲೆ "ಕೂಗಿದ್ದಾದ್ರೂ ಖರೇನೋ ಸುಳ್ಳೋ?" ಅಂತ ಕೇಳಿದ. "ಅದೂ ಖರೇ" ಅಂದೆ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಎದ್ದು ಹೋದ. ಅವನು ಅತ್ತಿದ್ದರೆ, ನನ್ನ ಮೇಲೆ ಕೈ ಮಾಡಿದ್ದರೆ ಚೆನ್ನಾಗಿತ್ತು.

ನೀನು ನಿಜ ಬರೆದದ್ದು ಸರಿ. ಬರೆಯದಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲ ನಾನು. ಆದರೂ ಅವನ ಹತ್ತಿರ ಉಳಿದಿದ್ದ ಒಂದು ಸಂತೋಷವನ್ನೂ ನಾವಿಬ್ಬರೂ ಸೇರಿ ತೆಗೆದುಕೊಂಡೆವು ಅಂತ ನನಗೆ ಅನಿಸುತ್ತದೆ.

ಭಾನುವಾರ ಅವನು ಶಾಲೆಯ ಹುಡುಗರಿಗೆ ಸ್ಮ್ಯಾಶ್ ಕಲಿಸುತ್ತಾನೆ. ಹುಡುಗರಿಗೆ ಅವನ ಕಣ್ಣಿನ ವಿಷಯ ಈಗ ಗೊತ್ತು. ಎಡಕ್ಕೆ ಚೆಂಡು ಹೋದರೆ ಪಾಪ, ಎಲ್ಲರೂ ಕೂಡಿ "ಎಡಾ! ಎಡಾ!" ಅಂತ ಒದರುತ್ತಾರೆ. ಅವನು ತಿರುಗುವುದಿಲ್ಲ. ಮೊನ್ನೆ ಚೆಂಡು ಬಂದು ಕಿವಿಗೆ ಬಡಿಯಿತು, ಆದರೂ ತಿರುಗಲಿಲ್ಲ. ರಸ್ತೆಯಲ್ಲಿ ನಡೆಯುವಾಗ ಎಡಗಡೆಗೆ ಗೋಡೆ ಇಟ್ಟುಕೊಂಡು ನಡೆಯುತ್ತಾನೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ನಿನ್ನೆ ಧೈರ್ಯ ಮಾಡಿ, "ಜಹೀರ ಬರ್ತೀನಿ ಅಂತಾನ, ಏನಂತೀ?" ಅಂತ ಕೇಳಿದೆ. ಬರಲಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನೆಟ್ಟಿನ ಹಗ್ಗ ಬಿಗಿಯುತ್ತಿದ್ದ, ಬಿಗಿಯುತ್ತಲೇ ಇದ್ದ.

ಬಾ. ಭಾನುವಾರ ಸಂಜೆ ಐದಕ್ಕೆ ಮೈದಾನದಲ್ಲಿರುತ್ತಾನೆ. ಬಂದಾಗ ದೂರದಿಂದ ಕೂಗಬೇಡ. ಬಲಗಡೆಯಿಂದ ಬಾ, ಅವನಿಗೆ ಕಾಣುವ ಹಾಗೆ.

ನಿನ್ನ
ಖಂಡೆಪ್ಪ ಮಾಸ್ತರ